ಇಂಗು ಕಟ್ಟಿದ ಕಾಗದ

ನಮ್ಮ ಕಾಕಾ ಇಂಗು ಕೊಳ್ಳುವುದನ್ನು ಕಂಡವರು, ಈ ಮನುಷ್ಯನ ಮನೆಯಲ್ಲಿ ರೊಟ್ಟಿಯನ್ನು ಜೋಳದಿಂದ ಬಡಿಯುತ್ತಾರೋ ಇಂಗಿನಿಂದ ಬಡಿಯುತ್ತಾರೋ ಎಂದು ಅನುಮಾನಪಡಬೇಕು! ಅಕ್ಕಲಕೋಟೆಯ ಹಾದಿಯಲ್ಲಿರುವ ನಮ್ಮ ಹಳ್ಳಿಯಿಂದ ಸೋಲಾಪುರದ ಪೇಟೆಗೆ ಉಣ್ಣೆ ಮಾರಲು ಹೋದನೆಂದರೆ, ತಿರುಗಿ ಬರುವಾಗ ಒಂದು ಅಂಗಡಿಯಲ್ಲಿ ಚಿಟಿಕೆ ಇಂಗು, ಅದರ ಎದುರಿನ ಅಂಗಡಿಯಲ್ಲಿ ಚಿಟಿಕೆ ಇಂಗು, ಮೂಲೆಯ ಅಂಗಡಿಯಲ್ಲಿ ಮತ್ತೆ ಅದೇ. ತಮಾಷೆಯೆಂದರೆ ಆತನಿಗೆ ಇಂಗು ಆಗಿಬರುವುದಿಲ್ಲ. ಒಗ್ಗರಣೆಗೆ ಬಿದ್ದರೆ ಸಾಕು, ಅಂಗಳಕ್ಕೆ ಹೋಗಿ ಸೀನುತ್ತ ಕೂಡುವನು. ಹಾಗಾದರೆ ಅಷ್ಟು ಇಂಗು ಯಾರಿಗೆ?

ಈ ಪ್ರಶ್ನೆಯನ್ನು ಮೊದಲು ಎತ್ತಿದವಳು ಆತನ ಹೆಂಡತಿ, ಅಂದರೆ ನನ್ನ ಚಿಗವ್ವ. ಉತ್ತರವನ್ನೂ ಆಕೆಯೇ ಸಿದ್ಧ ಮಾಡಿಕೊಂಡಿದ್ದಳು: ಸೋಲಾಪುರದಲ್ಲಿ ಇನ್ನೊಂದು ಒಲೆ ಉರಿಯುತ್ತಿದೆ. ನಾನು ಆಗ ಸೋಲಾಪುರದಲ್ಲೇ ಇದ್ದು ಇಂಗ್ರಜಿ ಶಾಲೆ ಕಲಿಯುತ್ತಿದ್ದೆ. ಹಲ್ಲು ಬಿದ್ದ ದಿನ, ಹೊಸ ಚಪ್ಪಲಿ ಕಚ್ಚಿದ ದಿನ, ಎಲ್ಲಕ್ಕೂ ತಾರೀಖು ಹಾಕಿ ವಹಿಯಲ್ಲಿ ಬರೆದಿಡುವವನೆಂದು ಮನೆಯಲ್ಲಿ ನನಗೆ ಹೆಸರಿತ್ತು. ಇದಕ್ಕಿಂತ ಒಳ್ಳೆಯ ಗೂಢಚಾರ ಎಲ್ಲಿ ಸಿಗಬೇಕು? (ಇಷ್ಟಾಗಿಯೂ ಈ ಬರಹದಲ್ಲಿ ಒಂದೇ ಒಂದು ತಾರೀಖು ಇಲ್ಲ. ಕಾರಣ ಮುಂದೆ ಬರುತ್ತದೆ. ಅದನ್ನು ಓದಿದ ಮೇಲೆ ನನಗಾಗಿ ಒಂದು ನಿಟ್ಟುಸಿರು ಬಿಟ್ಟರೆ ಸಾಕು.)

“ನಿಮ್ಮ ಕಾಕಾ ಪ್ಯಾಟ್ಯಾಗ ಎಲ್ಲಿ ಹೋಗತಾನ, ಯಾರ ಮನಿ ಕಟ್ಟಿ ಹತ್ತತಾನ, ಎಲ್ಲಾ ಬರಕೋ,” ಎಂದಳು ಚಿಗವ್ವ. “ಆಕಿ ಬೆಳ್ಳಗದಾಳೋ ಕರ್ರಗದಾಳೋ, ಅದನ್ನೂ ಬರಿ.”

ಮುಂದಿನ ಪೇಟೆಯ ದಿನ ನಾನು ಬೆನ್ನು ಹತ್ತಿದೆ. ಕಾಕಾ ಕಿರಾಣಿ ಅಂಗಡಿಯ ಮುಂದೆ ನಿಂತ. ಆತನ ಕಣ್ಣು ಇಂಗಿನ ಡಬ್ಬಿಯ ಮೇಲಿರಲಿಲ್ಲ, ತಕ್ಕಡಿಯ ಮೇಲೂ ಇರಲಿಲ್ಲ. ಅಂಗಡಿಯವನು ಪೊಟ್ಟಣ ಕಟ್ಟಲು ಎತ್ತಿಕೊಳ್ಳುವ ರದ್ದಿ ಕಾಗದದ ಮೇಲಿತ್ತು! “ಅದು ಬ್ಯಾಡ್ರಿ, ಅದರ ಕೆಳಗಿಂದು ತಗೀರಿ,” ಎಂದ. ಅಂಗಡಿಯವನು ಕೆಳಗಿನದನ್ನು ತೆಗೆದ. “ಅದರ ಕೆಳಗಿಂದು,” ಎಂದ ಕಾಕಾ.

ನಿಮಗೂ ಗೊತ್ತಿರಬಹುದು: ವಿಲಾಯತಿ, ಅಮೇರಿಕೆಗಳಲ್ಲಿ ಓದಿ ಬಿಸಾಕಿದ ಪತ್ರಿಕೆಗಳು ಮೂಟೆ ಮೂಟೆಯಾಗಿ ಹಡಗು ಹತ್ತಿ ಮುಂಬಯಿಗೆ ಬರುತ್ತವೆ. ಅಲ್ಲಿಂದ ರೈಲಿನಲ್ಲಿ ಸೋಲಾಪುರಕ್ಕೆ ಬಂದು ನಮ್ಮ ಶೇಂಗಾ ಹಿಂಡಿ, ಬೆಲ್ಲ, ಇಂಗುಗಳಿಗೆ ಅಂಗಿಯಾಗುತ್ತವೆ. ಕಾಕಾ ಬೇಡುತ್ತಿದ್ದುದು ಆ ಅಂಗಿಯನ್ನು. ಕಡಿಮೆ ಭಾರದ ಸಾಮಾನೆಂದು ಒಳಗೆ ಇಂಗು.

ಅಂಗಡಿಯವನೇನು ದಡ್ಡನೇ? ಕಂಬಳಿ ಹೊದ್ದ ಮನುಷ್ಯ ಇಂಗ್ರಜಿ ಕಾಗದಕ್ಕೆ ಇಷ್ಟು ಹಟ ಮಾಡಬೇಕಾದರೆ ಅದರಲ್ಲಿ ಏನೋ ಇರಲೇಬೇಕು. ಮರು ಪೇಟೆಗೆ ಹೋಗಿ ನೋಡುತ್ತೇನೆ, ಆತ ಎಲ್ಲ ರದ್ದಿಯನ್ನೂ ತಿಜೋರಿಯಲ್ಲಿಟ್ಟು ಬೀಗ ಜಡಿದು, ಗಿರಾಕಿಗಳಿಗೆ ಮುತ್ತಲ ಎಲೆಯಲ್ಲಿ ಸಾಮಾನು ಕಟ್ಟುತ್ತಿದ್ದಾನೆ! ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಒಂದೊಂದೇ ಹಾಳೆಯನ್ನು ಬಿಸಿಲಿಗೆ ಹಿಡಿದು ನಿಧಿಯ ಗುರುತು ಹುಡುಕುತ್ತಿದ್ದನೆಂದು ಆಮೇಲೆ ತಿಳಿಯಿತು. ತಲೆಕೆಳಗಾಗಿ ಹಿಡಿದಿದ್ದನಂತೆ.

ನನ್ನ ವಹಿಯಲ್ಲಿ ಸಂಶಯಗಳ ಪಟ್ಟಿ ಬೆಳೆಯಿತು. ಮೊದಲು ಹೆಂಗಸು, ಅದನ್ನು ಹೊಡೆದುಹಾಕಿ ಅಫೀಮು, ಅದನ್ನೂ ಹೊಡೆದುಹಾಕಿ ಖೋಟಾ ನೋಟು. ಕೊನೆಗೊಂದು ದಿನ ಕಾಕಾ ಧಾನ್ಯದ ಪೇಟೆಯ ಹಿಂದಿನ ರದ್ದಿ ಗೋದಾಮಿಗೆ ಹೊಕ್ಕಾಗ ನಾನೂ ಹೊಕ್ಕೆ. ಒಳಗೆ ಧೂಳಿನಲ್ಲಿ ಹಾಳೆ ಹರವಿಕೊಂಡು ಕೂತಿದ್ದ. ನನ್ನನ್ನು ಕಂಡು ಗಾಬರಿಯಾಗಬೇಕಾಗಿತ್ತಲ್ಲವೇ? ಇಲ್ಲ!

“ಬಂದ್ಯಾ? ಛಲೋ ಆತು. ಇಂಗ್ರಜಿ ಓದತೀ ಹೌದಲ್ಲೋ? ಕೂಡು ಹಂಗಾರ.”

ಹಾಳೆಯಲ್ಲಿ ಚಿತ್ರವಿತ್ತು. ಕೋಟು ಟೋಪಿ ತೊಟ್ಟ ಕರಿಯ ಜನ ಕೈಯಲ್ಲಿ ಬರಹದ ಹಲಗೆ ಹಿಡಿದು ಸಾಲಾಗಿ ನಡೆದಿದ್ದರು. ಓದಿದೆ. ಅಮೇರಿಕೆಯ ಕರಿಯರು ತಾವೇ ಅಚ್ಚು ಹಾಕಿಸುವ ಪತ್ರಿಕೆ ಅದು. ತಮ್ಮವರನ್ನು ಹಿಡಿದು ಸುಡುವುದು ನಿಲ್ಲಲಿ, ನಮಗೂ ಓಟು ಕೊಡಿ ಎಂದು ಬೀದಿಗಿಳಿದವರ ಸುದ್ದಿ.

ದೊಡ್ಡ ಲಡಾಯಿಯ ಕಾಲಕ್ಕೆ ಕಾಕಾ ಸರಕಾರದ ಕೂಲಿಪಡೆ ಸೇರಿ ಫ್ರಾನ್ಸ್ ದೇಶಕ್ಕೆ ಹೋಗಿದ್ದನೆಂದು ನನಗೆ ಗೊತ್ತಿತ್ತು. ಅಲ್ಲಿನ ಒಂದು ಬಂದರಿನಲ್ಲಿ ಅಮೇರಿಕೆಯ ಕರಿಯ ಸಿಪಾಯಿಗಳ ಜೊತೆಗೆ ಹಡಗಿನ ಮೂಟೆ ಇಳಿಸುತ್ತಿದ್ದನೆಂದು ಅಂದು ತಿಳಿಯಿತು. ಅವರಲ್ಲೊಬ್ಬ ಚಳಿಗೆ ಗಡಗಡ ನಡುಗುತ್ತಿದ್ದನಂತೆ. ಕಾಕಾ ತನ್ನ ಕಂಬಳಿ ಕೊಟ್ಟ. ಅವನು ಇದ್ದಲಿಯಿಂದ ಪೆಟ್ಟಿಗೆಗಳ ಮೇಲೆ ಇಂಗ್ರಜಿ ಅಕ್ಷರ ಬರೆದು ಕಾಕಾನಿಗೆ ಕಲಿಸಿದ. ಅಗಲುವಾಗ, ಊರಿಗೆ ಹೋಗಿ ನಮ್ಮ ಪತ್ರಿಕೆಯಲ್ಲಿ ನಿನ್ನ ಕಂಬಳಿಯ ಸುದ್ದಿ ಬರೆಯುತ್ತೇನೆ ಎಂದು ಸನ್ನೆಯಲ್ಲೇ ಹೇಳಿದ.

ಕಾಕಾ ಅದನ್ನು ಮರೆತಿದ್ದ. ಲಡಾಯಿ ಮುಗಿದು ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ಇಂಗಿನ ಪೊಟ್ಟಣ ಬಿಚ್ಚಿದಾಗ ಅದರ ಕಾಗದದಲ್ಲೊಂದು ಕರಿಯ ಸಿಪಾಯಿಯ ಮುಖ ಕಂಡಿತು. ಮಾಸ್ತರರಿಂದ ಓದಿಸಿದ. ಲಡಾಯಿಯಿಂದ ಮರಳಿದವನು ಸಿಪಾಯಿಯ ದಿರಿಸಿನಲ್ಲೇ ತನ್ನ ಊರೊಳಗೆ ನಡೆದನೆಂದು ಬಿಳಿಯರ ಗುಂಪು ಅವನನ್ನು ಕೊಂದಿತ್ತು.

“ಹೆಸರ ಇದ್ದ ಕಡೀಗೆ ಹರದಿತ್ತೋ ತಮ್ಮಾ. ಮಾರಿ ಎಲ್ಲಾ ಎಣ್ಣಿ ಕುಡದಿತ್ತು. ಅಂವನೋ, ಬ್ಯಾರೆಯಂವನೋ? ಬ್ಯಾರೆಯಂವ ಆಗಿದ್ರ ನಮ್ಮ ದೋಸ್ತ ಎಲ್ಲೆರ ಒಂದ್ ಕಡೆ ಬರದಿರಬೇಕಲ್ಲ?”

ಆ ಒಂದು ಹೆಸರಿಗಾಗಿ ಆತ ಆ ಜನರ ಸುದ್ದಿಯಿರುವ ಯಾವ ಹಾಳೆಯನ್ನೂ ಬಿಡುತ್ತಿರಲಿಲ್ಲ. ಮೆರವಣಿಗೆ, ಕೋರ್ಟು, ಕೂಲಿಗಾರರು ಕೆಲಸ ನಿಲ್ಲಿಸಿದ ಸಂಪು, ಶಾಲೆ, ಯಾವುದರಲ್ಲಿ ದೋಸ್ತ ಇರುವನೋ ಯಾರು ಬಲ್ಲರು?

ಹೆಂಗಸಿಲ್ಲ ಎಂದು ನಾನು ವರದಿ ಒಪ್ಪಿಸಿದೆ. ಚಿಗವ್ವನಿಗೆ ಸಮಾಧಾನವಾಗಲಿಲ್ಲ. ಹೆಂಗಸಾಗಿದ್ದರೆ ಆ ಇಂಗು ಒಂದು ಅಡಿಗೆಗಾದರೂ ಬೀಳುತ್ತಿತ್ತು ಎಂದಳು.

ಕಾಗದಗಳು ಇದ್ದದ್ದು ಹಗೇವಿನಲ್ಲಿ, ಜೋಳ ತುಂಬುವ ನೆಲದೊಳಗಿನ ಕಣಜದಲ್ಲಿ. ಖಾಲಿ ಬಿದ್ದಿದ್ದ ಒಂದು ಹಗೇವಿಗೆ ಬೇವಿನ ಸೊಪ್ಪು, ಬೂದಿ ಹಾಕಿ ಕಾಕಾ ಅವನ್ನು ಪೇರಿಸಿಟ್ಟಿದ್ದ. ಹುಳ ಹತ್ತಲಿಲ್ಲ ನಿಜ, ಆದರೆ ಪಕ್ಕದ ಹಗೇವಿನ ಜೋಳಕ್ಕೆಲ್ಲ ಇಂಗು ಹತ್ತಿತು! ಬೋರಾಮಣಿಯ ಬೀಗರು ನಮ್ಮಲ್ಲಿ ಉಂಡುಹೋಗಿ, ಬಡವರಾದರೂ ರೊಟ್ಟಿಗೆ ಒಗ್ಗರಣೆ ಹಾಕುವ ಜನ ಎಂದು ಹೊಗಳಿದರಂತೆ.

ಶಾಲೆಯ ಸೂಟಿಗೆ ಊರಿಗೆ ಹೋದಾಗ ಬೀರೋಬನ ಗುಡಿಯ ಕಟ್ಟೆಯ ಮೇಲೆ ನಾನು ಓದಬೇಕು, ಕಾಕಾ ಕುರಿಗಾರರಿಗೆ ಬಿಡಿಸಿ ಹೇಳಬೇಕು. ಅಮೇರಿಕೆಯಲ್ಲಿ ಕರಿಯರಿಗೆ ರೈಲಿನಲ್ಲಿ ಬೇರೆ ಡಬ್ಬಿ, ಕುಡಿಯುವ ನೀರಿಗೆ ಬೇರೆ ನಳ ಎಂದು ಒಮ್ಮೆ ಓದಿದೆ. ಮುದುಕನೊಬ್ಬ ಕೇಳಿದ: “ಯಾವ ತಾಲೂಕ ಅದು?”

“ಭಾಳ ದೂರ ಐತಿ, ಮುತ್ಯಾ,” ಎಂದೆ ನಾನು.

ಊರ ಬಾವಿಯ ಆಚೆ ಕೆಲವು ಹೆಂಗಸರು ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹಾಕಲೆಂದು ಕಾದು ಕೂತಿದ್ದರು. ಮುದುಕ ಆ ಕಡೆ ನೋಡಿ, “ದೂರೇನಿಲ್ಲ ಬಿಡು,” ಎಂದ.

ಮುಂದೆ ಸ್ವರಾಜ್ಯದ ಗದ್ದಲ ಎದ್ದು ಸೋಲಾಪುರದಲ್ಲಿ ಲಷ್ಕರಿ ಕಾಯಿದೆ ಬಂತು, ಊರು ದಂಡಿನವರ ಕೈಗೆ ಹೋಯಿತು. ತಲೆಯ ಮೇಲಿನ ಖಾದಿ ಟೋಪಿಯನ್ನೂ ಪೊಲೀಸರು ಸಂಶಯದಿಂದ ನೋಡುವ ಬೇಸಿಗೆ ಅದು. ಶಾಲೆ ಮುಚ್ಚಿ ನಾನು ಊರಿಗೆ ಬಂದೆ. ಚಿಗವ್ವ ಕಾಕಾನನ್ನು ಕುರಿಗಳ ಹಿಂದೆ ಮಂಗಳವೇಢೆಯ ಕಡೆಗೆ ಅಟ್ಟಿ, ನೆರೆಯ ಹೆಂಗಸರನ್ನು ಕೂಡಿಸಿಕೊಂಡು ಹಳೆಯ ಸೀರೆಗಳ ಕೌದಿ ಹೊಲಿಯಲು ಕೂತಳು. ಬೇಸಿಗೆಯಲ್ಲಿ ಎಲ್ಲರ ಮನೆಯಲ್ಲೂ ಕೌದಿ ಹೊಲಿಯುತ್ತಾರೆ, ಅದರಲ್ಲೇನು ಸಂಶಯ? ಆದರೆ ಒಂದು ಬೆಳಿಗ್ಗೆ ಹಿತ್ತಲಲ್ಲಿ ಹೊಗೆ ಕಂಡೆ. ಹೋಗಿ ನೋಡಿದರೆ ಬೂದಿ. ಅದೂ ಕಾಗದದ ಬೂದಿ! ಚಿಗವ್ವ ಸೂಜಿ ಹಿಡಿದು ಕೌದಿಗೆ ಮರಳಿದಳು.

ಕಾಕಾ ಮರಳಿದ ದಿನವೇ ಫೌಜದಾರ ಬಂದ. ಈ ಮನೆಯವರು ಇಂಗ್ರಜಿ ಕಾಗದ ಹುಗಿದಿಟ್ಟಿದ್ದಾರೆಂದು ಯಾರೋ ಚಾಡಿ ಹೇಳಿದ್ದರು. ಹಗೇವು ತೆಗೆಯಲು ಹುಕುಂ ಆಯಿತು. ಆದರೆ ಸರಕಾರದ ಹುಕುಂ ಹಗೇವಿನ ಗಾಳಿಯ ಮೇಲೆ ನಡೆಯುವುದಿಲ್ಲ. ಮುಚ್ಚಿದ ಹಗೇವಿನೊಳಗೆ ಕೂಡಲೇ ಇಳಿದವನು ಉಸಿರುಗಟ್ಟಿ ಸಾಯುತ್ತಾನೆ. ದೀಪ ಇಳಿಬಿಟ್ಟು ನೋಡಬೇಕು, ಅದು ಆರದೆ ಉರಿದರೆ ಮನುಷ್ಯ ಇಳಿಯಬೇಕು. ದೀಪ ಆರಿತು. ಮತ್ತೆ ಬಿಟ್ಟರು, ಮತ್ತೆ ಆರಿತು. ಫೌಜದಾರ ಬೇವಿನ ನೆರಳಿಗೆ ಬಂದ. ಚಿಗವ್ವ ಹೊಸ ಕೌದಿಯನ್ನು ಮಡಚಿ ಹಾಸಿದಳು. ಆತ ಕೂತದ್ದೇ ಕೌದಿ ಚರಚರ ಎಂದಿತು.

“ಏನಿದು, ಸಪ್ಪಳ ಮಾಡತೈತಿ?”

“ಹೊಸಾ ಕೌದಿ ರೀ ಸಾಹೇಬ್ರ. ಹೊಸಾ ಸೊಸಿ ಇದ್ದಂಗ, ನಾಕ್ ದಿನಾ ಬಾಯಿ ಮಾಡತೈತಿ, ಆಮ್ಯಾಲೆ ಸುಮ್ಮನಾಗತೈತಿ.”

ಹೊತ್ತು ಇಳಿಯುವವರೆಗೆ ಆತ ಅದರ ಮೇಲೆ ಕೂತ. ಕೊನೆಗೆ ದೀಪ ಉರಿಯಿತು, ಸಿಪಾಯಿ ಇಳಿದ. ಮೇಲೆ ಬಂದದ್ದು ಬರೀ ಒಣ ಬೇವಿನ ಸೊಪ್ಪು! ಫೌಜದಾರ ಅದನ್ನು ಮೂಸಿ, “ಕದ್ದು ಇಂಗಿನ ವ್ಯಾಪಾರ ಮಾಡತೀರೇನು?” ಎಂದು ಗದರಿ ಕುದುರೆ ಹತ್ತಿದ.

ಬದುಕಿದೆವೆಂದು ಎಲ್ಲರೂ ಉಸಿರು ಬಿಟ್ಟರು, ಕಾಕಾನೊಬ್ಬನ ಹೊರತು. ಆತ ಖಾಲಿ ಹಗೇವಿನ ಬಾಯಿಗೆ ಕೂತ. ಆಮೇಲೆ ಹಿತ್ತಲಿಗೆ ಹೋಗಿ ಬೂದಿಯ ಮುಂದೆ ನಿಂತ. ಚಿಗವ್ವನನ್ನು ನಾನೇ ಕೇಳಿದೆ, ಏನನ್ನು ಸುಟ್ಟೆ ಎಂದು.

“ನಿನ್ನ ವಹಿ.”

“ನನ್ನ ವಹಿನಾ? ಎಲ್ಲಾನೂ?”

“ಎಲ್ಲಾನೂ. ಕಾಕಾ ಯಾವ ದಿನ ಎಲ್ಲಿ ಹೋದ, ಏನ್ ತಂದ, ಗುಡಿ ಕಟ್ಟಿಮ್ಯಾಲೆ ಯಾರ್ಯಾರು ಕೂತಿದ್ರು, ತಾರೀಖ್ ಹಾಕಿ ಬರದಿದ್ದೆಲ್ಲಾ. ಫೌಜದಾರಗ ಬ್ಯಾರೆ ಸಾಕ್ಷಿ ಯಾಕ ಬೇಕಿತ್ತು?”

ಇನ್ನು ಹೇಳಿರಿ, ತಾರೀಖು ಎಲ್ಲಿಂದ ತರಲಿ? ನಾನು ಬೂದಿ ಕೆದರುತ್ತಿರುವಾಗಲೇ ಆಕೆ ಕಾಕಾನ ಕಡೆ ತಿರುಗಿ, “ಬಿಸಲಾಗ ಬಂದೀರಿ, ಒಂದೀಟ ಅಡ್ಡಾಗ್ರಿ,” ಎಂದು ಆ ಕೌದಿಯನ್ನೇ ಬಿಡಿಸಿ ಹಾಸಿದಳು. ಕಾಕಾ ಸೋತವನಂತೆ ಒರಗಿದ. ಕೌದಿ ಚರಚರ ಎಂದಿತು. ಆತ ಸೀನಿದ. ಹೊರಳಿದ, ಮತ್ತೆ ಸೀನಿದ. ಎದ್ದು ಕೂತು ಕೌದಿಯನ್ನು ಎರಡೂ ಕೈಯಿಂದ ಒತ್ತಿ ನೋಡಿ, ಮೂರನೆಯ ಸೀನಿಗೆ ಗೊಳ್ಳೆಂದು ನಕ್ಕ. ಕಣ್ಣಲ್ಲಿ ನೀರು ಬಂದಿತ್ತು. ಇಂಗಿನಿಂದ ಎಂದ.

ಈಗ ಲಷ್ಕರಿ ಕಾಯಿದೆಯೂ ಇಲ್ಲ, ಆ ಫೌಜದಾರನೂ ಇಲ್ಲ. ಕಾಗದಗಳು ಕೌದಿಗಳಲ್ಲೇ ಇವೆ. ಕುರಿಗಾರರಿಗೆ ಮೆರವಣಿಗೆಯ ಸುದ್ದಿ ಬೇಕೆಂದರೆ ಚಿಗವ್ವ ತನ್ನ ಕೆಂಪು ಸೀರೆಯ ತೇಪೆ ಬಿಚ್ಚುತ್ತಾಳೆ, ಶಾಲೆಯದಾದರೆ ಹಸಿರು, ಸೆರೆಮನೆಯದಾದರೆ ತನ್ನ ಅವ್ವನ ಕಪ್ಪು ಇಳಕಲ್ಲು. ಓದಿ ಮುಗಿಸಿದ ಮೇಲೆ ಮತ್ತೆ ಹೊಲಿಯುತ್ತಾಳೆ. ಕಾಕಾ ಈಗಲೂ ಪೇಟೆಗೆ ಹೋಗಿ ಇಂಗು ತರುತ್ತಾನೆ. ದೋಸ್ತನ ಹೆಸರು ಇನ್ನೂ ಸಿಕ್ಕಿಲ್ಲ.

ನಮ್ಮ ಕಡೆ ಕೌದಿಯನ್ನು ಖಾಲಿ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಕೊನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕಾಕಾ ಹೊದೆಯುವ ಕೌದಿಯ ಒಂದು ಮೂಲೆ ಮಾತ್ರ ಇಷ್ಟು ವರ್ಷವೂ ಬಾಯಿ ತೆರೆದೇ ಇದೆ. ಮೊನ್ನೆ ಅದನ್ನು ಬಿಸಿಲಿಗೆ ಹಾಕಿದ್ದಾಗ ನೆರೆಯವಳು, ಅರ್ಧ ಹೊಲಿದ ಕೌದಿ ಮನೆಯಲ್ಲಿಡಬಾರದು, ಒಂದು ಚೂರು ರೊಟ್ಟಿ ಇಟ್ಟು ಮುಚ್ಚಿಬಿಡು ಎಂದಳು.

“ಈ ಮೂಲಿ ರೊಟ್ಟಿ ತಿನ್ನೂದಲ್ಲ,” ಎಂದಳು ಚಿಗವ್ವ. “ಅಲ್ಲೊಬ್ಬಾಂವ ಒಂದ್ ಕಾಗದ ಬರೀತೀನಿ ಅಂದಾನ. ಅದು ಬರಲಿ.”

ಬಿಸಿಲು ಇಳಿದ ಮೇಲೆ ಆಕೆ ಕೌದಿಯನ್ನು ಕೊಡವಿ ಮಡಚಿದಳು. ತೆರೆದ ಮೂಲೆಗೆ ಚುಚ್ಚಿಟ್ಟಿದ್ದ ಸೂಜಿ ತುಕ್ಕು ಹಿಡಿದಿತ್ತು. ಅದನ್ನು ಕಿತ್ತು, ಹೊಸದೊಂದಕ್ಕೆ ದಾರ ಪೋಣಿಸಿ ಅಲ್ಲೇ ಚುಚ್ಚಿಟ್ಟಳು.