ಎಲ್ಲರ ಬಾಯಿಗೂ ಒಗ್ಗುವ ಹೆಸರು

ಬಾಗಲಕೋಟೆ ಕಡೆಯಿಂದ ಬೆಂಗಳೂರಿಗೆ ಬಂದು ಕೋಗಿಲಿನಲ್ಲಿ ಬಾಡಿಗೆ ಮನೆ ಮಾಡಿದ ದಿನದಿಂದ ನನ್ನ ಹೆಸರಿಗೆ ಏನಾದರೊಂದು ಆಗುತ್ತಲೇ ಇದೆ. ನನ್ನ ಹೆಸರು ಬಾಳಪ್ಪ. ನಮ್ಮೂರಲ್ಲಿ ಹಲ್ಲಿಲ್ಲದ ಮುದುಕರೂ ಅದನ್ನು ಸರಿಯಾಗಿ ಕೂಗುತ್ತಿದ್ದರು.

೧. ಪಾಲು

ಹೆಬ್ಬಾಳದ ನಮ್ಮ ಆಫೀಸಿನಲ್ಲಿ ದಿಲ್ಲಿ ಕಡೆಯ ಮ್ಯಾನೇಜರಿಗೆ ನಾನು ‘ಬಾಲಪ್ಪ’. ಪಕ್ಕದ ಸೀಟಿನ ತಮಿಳು ಗೆಳೆಯನಿಗೆ ‘ಪಾಳಪ್ಪ’. ಅವರಿಗೆ ಳ ಬರದು, ಇವನಿಗೆ ಬ ಒಗ್ಗದು. ತಿದ್ದಿ ತಿದ್ದಿ ನನಗೇ ಸಾಕಾಯಿತು. ಗೆಳೆಯ ಸಮಾಧಾನ ಹೇಳಿದ: “ಬೇಜಾರ್ ಮಾಡ್ಕೋಬೇಡ ಮಚ್ಚಾ. ನಾವಿಬ್ರೂ ಒಟ್ಟಿಗೆ ಕರೆದ್ರೆ ನೀನು ಪೂರ್ತಿ ಬರ್ತೀಯ.”

೨. ಪರೀಕ್ಷೆ

ಮಗಳು ಹುಟ್ಟಿದಾಗ ಹಟ ತೊಟ್ಟೆ. ನನ್ನ ಹೆಸರು ಹೋದರೆ ಹೋಗಲಿ, ಇವಳ ಹೆಸರಾದರೂ ಯಾರ ಬಾಯಲ್ಲೂ ಮುರಿಯಬಾರದು. ಹೆಂಡತಿ ಆರಿಸಿದ ‘ವೈಭವಿ’ಯನ್ನು ಬಂಗಾಳಿ ಸಹೋದ್ಯೋಗಿಯ ಮುಂದಿಟ್ಟೆ. ‘ಬೊಯ್ಭೋಬಿ’ ಆಗಿ ವಾಪಸ್ ಬಂತು. ‘ಹಂಸಾ’ ಹೇಗೆ ಅಂತ ಮನೆ ಓನರ್ ಅಜ್ಜಿಯನ್ನು ಕೇಳಿದೆ. ಕೋಗಿಲು ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇರುವವರು. “ಅಂಸಾನಾ? ಸಂದಾಗೈತೆ ಕಣಪ್ಪಾ, ಮಡಗು” ಅಂದರು.

ಕೊನೆಗೆ ‘ಮೀನಾ’ ಸಿಕ್ಕಿತು. ಮ್ಯಾನೇಜರ್, ಗೆಳೆಯ, ಬಂಗಾಳಿ, ಅಜ್ಜಿ, ಎಲ್ಲರ ಬಾಯಲ್ಲೂ ಮೀನಾ ಮೀನಾ ಆಗಿಯೇ ಉಳಿದಳು. ಖುಷಿಗೆ ಆಫೀಸಿಗೆಲ್ಲ ಪೇಡೆ ಹಂಚಿದೆ. “ಕಂಗ್ರಾಟ್ಸ್, ಬಾಲಪ್ಪ” ಅಂದರು ಮ್ಯಾನೇಜರ್. ಆ ದಿನ ಅದೂ ಸಿಹಿಯಾಗಿಯೇ ಕೇಳಿಸಿತು.

೩. ಕಿವಿಯಲ್ಲಿ

ನಮ್ಮ ಕಡೆ ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅವಳು ಹೇಳಿದ್ದೇ ಹೆಸರು. ಅದಕ್ಕೆಂದೇ ಅಕ್ಕ ಊರಿಂದ ಬಂದಳು. ಹೆಸರನ್ನು ಅವಳಿಗೂ ಹೇಳದೆ ಗುಟ್ಟಾಗಿಟ್ಟಿದ್ದೆ.

ತೊಟ್ಟಿಲಿಗೆ ಬಗ್ಗಿದ ಅಕ್ಕ ಕೇಳಿದಳು: “ಯಾವ ಹೆಸರೋ ತಮ್ಮಾ?”

“ಮೀನಾ.”

ಅಕ್ಕ ಬಾಯಿಗೆ ಸೆರಗು ಹಿಡಿದಳು. “ಅಯ್ಯ ನಮ್ಮವ್ವ! ಅದು ನಮ್ಮತ್ತೀ ಹೆಸರು. ಅತ್ತೀ ಹೆಸರು ನಾ ಬಾಯಾಗ ತರಂಗಿಲ್ಲ.”

ಅಕ್ಕನ ಅತ್ತೆಯನ್ನು ನಾವೆಲ್ಲ ಆಯಿ ಅನ್ನುತ್ತೇವೆ. ಅವರಿಗೂ ಒಂದು ಹೆಸರಿದೆ ಅಂತ ನನಗೆ ಹೊಳೆದೇ ಇರಲಿಲ್ಲ. ಊರಿನ ನಾಲಿಗೆಗಳನ್ನೆಲ್ಲ ಪರೀಕ್ಷಿಸಿದ್ದೆ, ಒಡಹುಟ್ಟಿದವಳದ್ದೊಂದು ಬಿಟ್ಟು. ಅಳುವುದೊಂದೇ ಬಾಕಿ.

“ಒಂದ ಸಲ ಅಂದಬಿಡಬೇ ಅಕ್ಕಾ!” ಎಂದು ಕೈಮುಗಿದೆ.

“ಸತ್ತರೂ ಒಲ್ಲೆ.”

ಮುಹೂರ್ತ ಮೀರುತ್ತದೆಂದು ಹೆಂಗಸರು ಗುದ್ದತೊಡಗಿದರು. ಓನರ್ ಅಜ್ಜಿಗೆ ಈ ಪದ್ಧತಿ ಹೊಸದು, ಅವರ ಗುದ್ದೇ ಜೋರು. ತಾಳಲಾರದೆ ಅಕ್ಕ ಮಗುವಿನ ಕಿವಿಗೆ ಬಾಯಿಟ್ಟು ಏನೋ ಅಂದೇಬಿಟ್ಟಳು. ಎಲ್ಲರೂ ಅಕ್ಷತೆ ಹಾಕಿದರು. ನನಗೆ ಹೋದ ಜೀವ ಬಂತು.

“ಅಂತೂ ಹೇಳಿದ್ಯಲ್ಲ ಅಕ್ಕಾ! ಏನಂದಿ?”

ಅಕ್ಕ ಬೆನ್ನು ಸವರಿಕೊಳ್ಳುತ್ತ ಹೇಳಿದಳು: “‘ನಮ್ಮತ್ತೀ ಹೆಸರು’ ಅಂದೆ.”