ಅಕ್ಟೋಬರಿನಲ್ಲಿ ಎದ್ದು ಕೂತ ಜುಕಿನಿ

ಅರ್ವಿಡ್ ನೈಗಾರ್ಡ್ ಆ ಜುಕಿನಿ ಗಿಡವನ್ನು ಆಗಸ್ಟಿನಲ್ಲೇ ಕೊಂದಿದ್ದ. ಕೊಂದದ್ದೆಂದರೆ ಕತ್ತಿ ಹಿಡಿದೇನೂ ಅಲ್ಲ. ಹೆಂಡತಿ ಲೊರೇನ್‌ಳ ಕಣ್ಣು ತಪ್ಪಿಸಿ ಮೂರು ವಾರ ನೀರು ಹಾಕಿರಲಿಲ್ಲ, ಅಷ್ಟೇ. ಸೌತೆಯ ಮೈ, ಕುಂಬಳದ ಹಟ ಇರುವ ಆ ಕಾಯನ್ನು ಲೊರೇನ್ ಬೇಸಿಗೆಯುದ್ದಕ್ಕೂ ಸೂಪಿಗೆ, ದೋಸೆಯಂಥ ಪ್ಯಾನ್‌ಕೇಕಿಗೆ, ಕೊನೆಗೆ ಗಂಡನ ಹುಟ್ಟುಹಬ್ಬದ ಕೇಕಿಗೂ ತುರಿದು ಹಾಕಿದ್ದಳು. ಗಿಡ ಒಣಗಿದ ದಿನ ಅರ್ವಿಡ್ ಟೋಪಿ ತೆಗೆದು, "ಪಾಪ, ಅದರ ಆಯಸ್ಸು ಇದ್ದದ್ದೇ ಇಷ್ಟು" ಎಂದು ಅವಳನ್ನು ಸಮಾಧಾನಪಡಿಸಿದ್ದ.

ಆಮೇಲೆ ಹಿತ್ತಿಲತ್ತ ಇಬ್ಬರೂ ತಲೆ ಹಾಕಲಿಲ್ಲ. ಇಡೀ ಮಿನೆಸೋಟ ಹಿಮ ಎತ್ತುವ ಸಲಿಕೆ ಹುಡುಕಬೇಕಾದ ಅಕ್ಟೋಬರಿನಲ್ಲಿ ಆ ವರ್ಷ ಬೆಚ್ಚಗಿನ ಮಳೆ ಸುರಿಯಿತು. ಒಂದು ಶನಿವಾರ, ಲೊರೇನ್ ಚರ್ಚಿಗೆ ಕೌದಿ ಹೊಲಿಯಲು ಹೋದ ಮೇಲೆ ಹಿತ್ತಿಲಿಗಿಳಿದ ಅರ್ವಿಡ್ ಹೌಹಾರಿದ. ಸತ್ತ ಗಿಡ ಬುಡದಿಂದ ಚಿಗುರಿ, ಹೇಳದೆ ಬಂದ ನೆಂಟರ ಹಾಗೆ ಕಾಲು ಚಾಚಿ ಕೂತಿತ್ತು. ಎಲೆಯಡಿ ಹನ್ನೊಂದು ಕಾಯಿ!

ಅವಸರದಲ್ಲಿ ಕಿತ್ತು ಚೀಲಕ್ಕೆ ತುಂಬುತ್ತಿದ್ದಾಗ ಬೇಲಿಯ ಮೇಲೊಂದು ತಲೆ ಮೂಡಿತು.

"ದೇವ್ರೇ, ಪವಾಡ!"

ಪಕ್ಕದ ಮನೆಯ ಮಾವಿಸ್. ಅವಳಿಗೆ ಗುಟ್ಟು ಹೇಳುವುದೂ ಒಂದೇ, ಚರ್ಚಿನ ಗಂಟೆ ಹೊಡೆಯುವುದೂ ಒಂದೇ.

"ಲೊರೇನ್‌ಗೆ ಮಾತ್ರ ಹೇಳ್ಬೇಡಿ," ಅರ್ವಿಡ್ ತೊದಲಿದ. "ಎಲ್ರಿಗೂ ಹಂಚೋಣ ಅಂತಿದ್ದೆ. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರ್ದು, ಅಲ್ವಾ?"

ಮಾವಿಸ್‌ಳ ಕಣ್ಣು ತುಂಬಿತು. "ನಿಮ್ಮನ್ನ ಜಿಪುಣ ಅನ್ಕೊಂಡಿದ್ದೆ ಕಣ್ರೀ, ಪಾಪಿ ನಾನು!" ಎನ್ನುತ್ತ ಐದು ಕಾಯಿ ಬಾಚಿಕೊಂಡಳು.

ಹತ್ತೇ ನಿಮಿಷಕ್ಕೆ ಎದುರುಮನೆಯ ಕ್ಲೆಮ್ ಅಳತೆ ಟೇಪು ಹಿಡಿದು ಹಾಜರಾದ. "ಏನಯ್ಯಾ, ಯಾವ ಗೊಬ್ಬರ ಹಾಕ್ದೆ?"

"ಏನೂ ಹಾಕಿಲ್ಲ. ನೀರೂ ಹಾಕಿಲ್ಲ!"

"ಸರಿ ಬಿಡು, ಗುಟ್ಟು ಬಿಟ್ಟುಕೊಡೋನಲ್ಲ ನೀನು," ಎಂದು ಮುನಿಸಿಕೊಂಡ ಕ್ಲೆಮ್ ಉಳಿದ ಆರನ್ನೂ ಒಯ್ದ. ಮುನಿಸಿಗೂ ಕಾಯಿಗೂ ಸಂಬಂಧವಿರಲಿಲ್ಲ. ಅರ್ವಿಡ್ ಗಿಡವನ್ನು ಬೇರುಸಹಿತ ಕಿತ್ತೆಸೆದು ಕೈ ತೊಳೆದ.

ಮೂರು ಗಂಟೆಗೆ ಬಂದ ಲೊರೇನ್‌ಳ ಕಣ್ಣಿಗೆ ಮೊದಲು ಬಿದ್ದದ್ದೇ ಆ ಗುಂಡಿ. "ಏನ್ರೀ ಇದು?"

ಸುಳ್ಳು ಹುಡುಕಿ ಸೋತ ಅರ್ವಿಡ್ ಆಗಸ್ಟಿನಿಂದ ಶುರುಮಾಡಿ ಎಲ್ಲ ಒಪ್ಪಿಕೊಂಡ. ಬೈಗುಳಕ್ಕೆ ಕಾಯುತ್ತ ತಲೆ ತಗ್ಗಿಸಿ ನಿಂತ. ಲೊರೇನ್ ಕುರ್ಚಿಗೆ ಕುಸಿದು ನಗತೊಡಗಿದಳು.

"ನನಗೂ ಅದನ್ನ ಕಂಡ್ರೆ ಆಗಲ್ಲ ಕಣ್ರೀ! ನಿಮಗಿಷ್ಟ ಅಂತ ಮೂಗು ಮುಚ್ಕೊಂಡು ಮಾಡ್ತಿದ್ದೆ."

ಮೂವತ್ತೆರಡು ವರ್ಷದ ಸಂಸಾರದಲ್ಲಿ ಇಷ್ಟು ಒಳ್ಳೆಯ ಸುದ್ದಿ ಅರ್ವಿಡ್ ಕೇಳಿರಲಿಲ್ಲ. ಅವನು ಅವಳ ಕೈ ಹಿಡಿದುಕೊಳ್ಳುತ್ತಿದ್ದಂತೆ ಬಾಗಿಲ ಗಂಟೆ ಸದ್ದು ಮಾಡಿತು. ಹಿಡಿದ ಕೈ ಬಿಡದೆಯೇ ಇಬ್ಬರೂ ಹೋಗಿ ಬಾಗಿಲು ತೆರೆದರು. ಹೊಸ್ತಿಲಲ್ಲಿ ಮಾವಿಸ್, ಅವಳ ಹಿಂದೆ ಕ್ಲೆಮ್. ಇಬ್ಬರ ಕೈಯಲ್ಲೂ ಹಬೆಯಾಡುವ ತಟ್ಟೆ.

"ನಿಮಗೊಂದೂ ಇಟ್ಕೊಳ್ದೆ ಕೊಟ್ರಲ್ಲ, ನಮ್ಗೆ ಮನಸ್ಸು ತಡೀಲಿಲ್ಲ," ಎಂದಳು ಮಾವಿಸ್. "ಜುಕಿನಿ ಬ್ರೆಡ್ಡು, ಸಕ್ಕರೆ ಸುರಿದು ಕೇಕಿನ ಹಾಗೇ ಮಾಡಿದೀವಿ. ಇನ್ನೂ ಆರು ಒಲೇಲಿದೆ. ನಮ್ಮೆದುರಿಗೇ ತಿನ್ಬೇಕು!"

ಅರ್ವಿಡ್ ಹೆಂಡತಿಯ ಮುಖ ನೋಡಿದ. ಲೊರೇನ್ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನನಗೆ ಡಾಕ್ಟ್ರು ಸಿಹಿ ಮುಟ್ಬೇಡ ಅಂದಿದಾರೆ ಕಣೇ ಮಾವಿಸ್. ನನ್ನ ಪಾಲೂ ಇವ್ರಿಗೇ ಬಡಿಸು. ಜುಕಿನಿ ಅಂದ್ರೆ ಇವ್ರಿಗೆ ಪ್ರಾಣ," ಎಂದವಳೇ ದೊಡ್ಡ ತಟ್ಟೆ ತರಲು ಒಳಗೆ ಓಡಿದಳು.