ಲ್ಯಾಬಿನ ಕೀಲಿಕೈ ಯಾರ ಹತ್ರ ಐತಿ?

ಕೆಲವರಿಗೆ ನಸ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನಗೆ ಸಲಹೆ ಕೊಡುವ ಚಟ. ಮೊದಲಿನ ಎರಡರಲ್ಲಿ ಹಾಳಾಗುವವನು ಚಟ ಹತ್ತಿಸಿಕೊಂಡವನೇ. ನನ್ನದರಲ್ಲಿ ಹಾಳಾದರೆ ಕೇಳಿದವರು ಹಾಳಾಗುತ್ತಾರೆ. ಆದ್ದರಿಂದ ಇದನ್ನು ಬಿಡಬೇಕೆಂದು ನನಗೆ ಇದುವರೆಗೆ ಅನ್ನಿಸಿಲ್ಲ. ಹಾಗಂತ ಕಂಡಕಂಡದ್ದಕ್ಕೆಲ್ಲ ಬಾಯಿ ಹಾಕುವವನೂ ನಾನಲ್ಲ. ಮದುವೆ ಸಂಬಂಧ, ಸೈಟು, ಮಂಡಿನೋವು, ಇವುಗಳ ತಂಟೆಗೇ ಹೋಗುವುದಿಲ್ಲ. ನನ್ನದು ಒಂದೇ ವಿಷಯ: ಕಂಪ್ಯೂಟರ್ ಸೈನ್ಸ್ ಓದಲು ಯಾವ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಬೇಕು ಎಂಬುದು. ನಿನಗೆ ಕಂಪ್ಯೂಟರ್ ಎಷ್ಟು ಗೊತ್ತು ಎಂದು ನೀವು ಕೇಳಬಹುದು. ನಾನು ಓದಿದ್ದು ಬಿ.ಕಾಂ. ಬಳ್ಳಾರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಎರಡು ಬೆರಳಿನಲ್ಲಿ ಟೈಪ್ ಮಾಡುತ್ತೇನೆ. ಮೂರನೆಯ ಬೆರಳು ಬೇಕಾದಾಗ ಪಕ್ಕದ ಮೇಜಿನವರನ್ನು ಕರೆಯುತ್ತೇನೆ. ಆದರೆ ಸರ್ಕಾರ ನನಗೆ ಚೆನ್ನಾಗಿ ಗೊತ್ತು. ಕಂಪ್ಯೂಟರನ್ನು ಕಾಲೇಜಿನಲ್ಲಿ ಕಲಿಸುತ್ತಾರೆ, ಸರ್ಕಾರವನ್ನು ಯಾರು ಕಲಿಸುತ್ತಾರೆ, ಹೇಳಿ?

ಸಿಇಟಿ ರ‍್ಯಾಂಕು ಬಂದಿತೆಂದರೆ ಭಾನುವಾರಗಳಂದು ನಮ್ಮ ಪಡಸಾಲೆ ದವಾಖಾನೆಯಾಗುತ್ತದೆ. ಮೋಕದಿಂದ, ಕುರುಗೋಡಿನಿಂದ, ಬಾದನಹಟ್ಟಿಯಿಂದ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ನನ್ನ ಹೆಂಡತಿ ಗಿರಿಜಾ ಪ್ರಾಥಮಿಕ ಶಾಲೆಯ ಟೀಚರು. ವಾರವೆಲ್ಲ ಮಕ್ಕಳನ್ನು ಸಂಭಾಳಿಸಿ, ಭಾನುವಾರ ಇವರಿಗೆ ಒಗ್ಗರಣೆ ಮಂಡಾಳು, ಅಂದರೆ ಮಂಡಕ್ಕಿ, ಕಲಸುತ್ತಾಳೆ. "ಫೀಸ್ ತಗೊಳ್ಳೋ ಡಾಕ್ಟ್ರೂ ಬಂದೋರಿಗೆ ಚಾ ಕೊಡಂಗಿಲ್ಲ. ನೀವು ಪುಗಸಟ್ಟೆ ಹೇಳಿ ಮ್ಯಾಲ ಮಿರ್ಚಿನೂ ಕೊಡಸ್ತೀರಿ" ಎಂದು ಅಡುಗೆಮನೆಯಿಂದ ಆಗಾಗ ಕೇಳಿಬರುತ್ತದೆ. ನಾನು ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಮ್ಮ ಜನಕ್ಕೂ ಸರ್ಕಾರಕ್ಕೂ ಇರುವ ನಂಟು ವಿಚಿತ್ರವಾದದ್ದು. ಮಗು ಒಂದನೇ ತರಗತಿಗೆ ಸೇರುವಾಗ ಸರ್ಕಾರಿ ಶಾಲೆ ಎಂದರೆ ಮೂಗು ಮುರಿಯುತ್ತಾರೆ. ಟೈ ಬೇಕು, ಬೂಟು ಬೇಕು, ಮನೆ ಮುಂದೆ ಬಂದು ಹಾರನ್ ಹೊಡೆಯುವ ಹಳದಿ ವ್ಯಾನು ಬೇಕು. ಅದೇ ಮಗು ಪಿಯುಸಿ ಮುಗಿಸಿದ ಮೇಲೆ "ಸರ್ಕಾರಿ ಸೀಟು ಸಿಕ್ತು" ಎಂದು ಓಣಿಗೆಲ್ಲ ಪೇಡೆ ಹಂಚುತ್ತಾರೆ. ಅಷ್ಟು ವರ್ಷ ಸರ್ಕಾರದ ಕೈಗೆ ಸಿಗದಂತೆ ಓಡಾಡಿದವರು ಕೊನೆಗೆ ಅದರ ಬಾಗಿಲಲ್ಲೇ ಸಾಲಾಗಿ ನಿಲ್ಲುತ್ತಾರೆ. ಅಳಿಯನನ್ನು ಹುಡುಕುವಾಗ ಮತ್ತೊಮ್ಮೆ ಅದೇ ಸಾಲಿಗೆ ಬರುತ್ತಾರೆ, ಆ ಮಾತು ಬೇರೆ.

ಸರ್ಕಾರಿ ಕಾಲೇಜುಗಳಲ್ಲಿ ಯಾವುದು ಒಳ್ಳೆಯದು ಎಂದು ತಿಳಿಯಲು ನಾನು ಕಂಡುಹಿಡಿದ ಪರೀಕ್ಷೆ ಒಂದೇ ಪ್ರಶ್ನೆಯದು. ಸಾಧಾರಣ ದಿನವೊಂದರಲ್ಲಿ, ಯಾರಿಗೂ ಹೇಳದೆ, ಕಾಲೇಜಿಗೆ ಹೋಗಬೇಕು. ಎದುರು ಸಿಕ್ಕ ವಿದ್ಯಾರ್ಥಿಯನ್ನು ನಿಲ್ಲಿಸಿ "ಲ್ಯಾಬಿನ ಕೀಲಿಕೈ ಯಾರ ಹತ್ರ ಐತಿ?" ಎಂದು ಕೇಳಬೇಕು. "ದೊಡ್ಡ ಸಾಹೇಬ್ರ ಹತ್ರ" ಎಂದರೆ ಅಲ್ಲಿಂದ ಸೀದಾ ಬಸ್ ಸ್ಟ್ಯಾಂಡಿಗೆ ನಡೆಯಬೇಕು. "ಅಟೆಂಡರ್ ಹತ್ರ" ಎಂದರೆ ಪರವಾಗಿಲ್ಲ. "ಅಲ್ಲೇ ಗ್ವಾಡಿ ಮೊಳಿಗೆ ಹಾಕಿರ್ತಾರ" ಎಂದರೆ ಕಣ್ಣು ಮುಚ್ಚಿ ಸೇರಬಹುದು. ಈ ಜ್ಞಾನ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ಕಚೇರಿಗೆ ಮೊದಲ ಸಲ ಕಂಪ್ಯೂಟರ್ ಬಂದಾಗ ಅದಕ್ಕೊಂದು ಕೋಣೆ ಮಾಡಿ, ಪೂಜೆ ಮಾಡಿ, ಕೀಲಿ ಹಾಕಿದರು. ಕೀಲಿಕೈಯನ್ನು ಬೀರುವಿನಲ್ಲಿಟ್ಟರು. ಬೀರುವಿನ ಕೀಲಿಕೈ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ರಜೆಯ ಮೇಲೆ. ಅವರು ಬರುವಷ್ಟರಲ್ಲಿ ಕಂಪ್ಯೂಟರಿನ ಮೇಲೆ ಹಲ್ಲಿ ಮೊಟ್ಟೆಯಿಟ್ಟಿತ್ತು. ಅದರೊಂದಿಗೆ ಸಂಸಾರ ಶುರು ಮಾಡಿದ ಮೊದಲ ಸರ್ಕಾರಿ ಜೀವ ಆ ಹಲ್ಲಿಯೇ.

ನಮ್ಮ ಮನೆಯ ಕೀಲಿಕೈಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಇರುವುದು ಒಂದೇ, ಇರುವುದು ನನ್ನ ಜೇಬಿನಲ್ಲಿ. ಎರಡಾದರೆ ಒಂದು ಕಳೆಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಿಗ್ಗೆ ಎಲ್ಲರಿಗಿಂತ ಕೊನೆಗೆ ಮನೆ ಬಿಡುವವನು ನಾನು, ಸಂಜೆ ಕೊನೆಗೆ ಬರುವವನೂ ನಾನೇ. ಹೀಗಾಗಿ ಗಿರಿಜಾ, ಮಗಳು ಸಹನಾ ಇಬ್ಬರೂ ದಿನಾ ಸಂಜೆ ಪಕ್ಕದ ಮನೆಯ ಪದ್ಮಾವತಮ್ಮನವರ ಕಟ್ಟೆಯ ಮೇಲೆ ನನಗಾಗಿ ಕಾದು ಕೂತಿರುತ್ತಾರೆ. ನಾನು ಬಂದಾಗ ಅವರ ಮುಖದಲ್ಲಿ ಕಾಣುವ ಸಂತೋಷ ನನ್ನನ್ನು ನೋಡಿಯೇ ಆದದ್ದೆಂದು ಬಹಳ ವರ್ಷ ನಂಬಿದ್ದೆ.

ಹೋದ ವರ್ಷ ಸಿರುಗುಪ್ಪದ ಆಚೆಯ ರಾರಾವಿಯಿಂದ ಹನುಮಂತಪ್ಪ ಎಂಬ ರೈತರು ಮಗಳು ನಾಗವೇಣಿಯನ್ನು ಕರೆದುಕೊಂಡು ಬಂದರು. ಹುಡುಗಿಗೆ ಒಳ್ಳೆಯ ರ‍್ಯಾಂಕು ಬಂದಿತ್ತು, ಆದರೆ ಬಾಯಿ ಬಿಡುತ್ತಿರಲಿಲ್ಲ. ಅಪ್ಪನೇ ಎಲ್ಲ ಮಾತಾಡಿದರು.

"ಸರ, ಸಮೀಪ ಇರೋದು ಯಾವುದರ ಹೇಳಿಬಿಡ್ರಿ. ದೂರ ಕಳಸಾಕ ನನಗ ಧೈರ್ಯ ಸಾಲವಲ್ದು. ವಾರಕ್ಕೊಮ್ಮೆರ ಮಕ ನೋಡಬೇಕಲ್ರಿ."

ನನಗೆ ಹುಮ್ಮಸ್ಸು ಬಂತು. "ಹನುಮಂತಪ್ಪ, ಓದಾಕಿ ನಿಮ್ಮ ಮಗಳೋ ನೀವೋ? ಮಕ ನೋಡಾಕ ಫೋನ್ ಐತಿ. ನೀವು ಸುಮ್ನಿರ್ರಿ" ಎಂದೆ. ಆಮೇಲೆ ಹುಡುಗಿಯ ಕಡೆ ತಿರುಗಿದೆ. "ನೋಡವ್ವ, ಯಾರ ಮಾತೂ ಕೇಳಬ್ಯಾಡ. ನಿಮ್ಮಪ್ಪನ ಮಾತು ಕೇಳಬ್ಯಾಡ, ನನ್ನ ಮಾತೂ ಕೇಳಬ್ಯಾಡ. ನೀನ ಹೋಗಿ ಕೀಲಿಕೈ ಯಾರ ಹತ್ರ ಐತಿ ನೋಡು. ನಿನಗ ಸರಿ ಅನಿಸಿದ್ದು ಮಾಡು."

ಚಹಾ ತಂದ ಸಹನಾ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಮಗಳೆದುರು ಇಷ್ಟು ಘನವಾಗಿ ಮಾತಾಡಿದೆನಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ನಾಗವೇಣಿ ನನ್ನ ಮಾತಿನಂತೆ ತಾನೇ ಹೋಗಿ ನೋಡಿ, ದೂರದ ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದಳು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ನೀವೂ ನಮ್ಮ ಪಡಸಾಲೆಯಲ್ಲಿ ಇರುತ್ತೀರಿ. ಬಳ್ಳಾರಿಯಿಂದ ಸಿರುಗುಪ್ಪದ ಮೇಲೆ ಹಾದು ಬಸ್ಸಿನಲ್ಲಿ ಅರ್ಧ ದಿನದ ದಾರಿ ಎಂದಷ್ಟೇ ತಿಳಿದುಕೊಳ್ಳಿ.

ಈ ವರ್ಷ ಸಹನಾಳ ಸರದಿ ಬಂತು. ಅವಳ ರ‍್ಯಾಂಕಿಗೆ ಸರ್ಕಾರಿ ಸೀಟು ಖಂಡಿತ ಎಂದಾಯಿತು. ಬಳ್ಳಾರಿ ಜಿಲ್ಲೆಯ ಅರ್ಧ ಮಕ್ಕಳಿಗೆ ದಾರಿ ತೋರಿಸಿದ ನಾನು ಹೊಸ ಅಂಗಿ ಹಾಕಿಕೊಂಡು, ಕುರ್ಚಿಯಲ್ಲಿ ಕೂತು, ಮಗಳು ಬಂದು ಕೇಳಲಿ ಎಂದು ಕಾದೆ. ಅವಳು ಬರಲಿಲ್ಲ. ನಾನು ಕೂತಿದ್ದ ಕುರ್ಚಿಯ ಪಕ್ಕದಿಂದಲೇ ಹಾದುಹೋಗುತ್ತಿದ್ದಳು, "ಅಪ್ಪ, ಕಾಲು ಎತ್ತು, ಕಸ ಹೊಡೀಬೇಕು" ಎನ್ನುತ್ತಿದ್ದಳು, ಕಾಲೇಜಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಕುರುಗೋಡಿನವರು ಯಾರೋ ಫೋನ್ ಮಾಡಿದಾಗ ಅವಳಿಗೆ ಕೇಳಲೆಂದೇ ದೊಡ್ಡ ದನಿಯಲ್ಲಿ ಸಲಹೆ ಕೊಟ್ಟೆ. ಅವಳು ಎದ್ದು ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಕಾಲೇಜುಗಳನ್ನು ಸಾಲಾಗಿ ಆರಿಸಿ ತುಂಬುವ ಆಪ್ಷನ್ ಎಂಟ್ರಿಯ ದಿನ ಹತ್ತಿರ ಬರುತ್ತಿತ್ತು.

ನನಗೆ ಬರೀ ಮಾನದ ಪ್ರಶ್ನೆಯಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಮಗಳ ವಿಷಯದಲ್ಲಿ ನಾನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ: ಅವಳು ಬಳ್ಳಾರಿಯಲ್ಲೇ ಓದಬೇಕು. ಕೀಲಿಕೈ, ಮೊಳೆ, ಅಟೆಂಡರು ಎಲ್ಲ ಊರ ಮಕ್ಕಳಿಗೆ. ಸಂಜೆ ಮನೆಗೆ ಬಂದಾಗ ಆ ಕಟ್ಟೆಯ ಮೇಲೆ ಅವಳು ಇರುವುದಿಲ್ಲ ಎಂದು ನೆನೆಯುವುದೂ ನನಗೆ ಬೇಡವಾಗಿತ್ತು. ಒಬ್ಬಳೇ ಮಗಳು. ಹನುಮಂತಪ್ಪನವರ ಮುಖ ಕಣ್ಣ ಮುಂದೆ ಬರುತ್ತಿತ್ತು, ಬಂದಷ್ಟೂ ಸಲ ಬೇರೆ ಕಡೆ ನೋಡುತ್ತಿದ್ದೆ.

ಒಂದು ದಿನ ಊಟ ಮಾಡುವಾಗ ಸಹನಾ, "ಅಪ್ಪ, ನಾಳೆ ನಾಗವೇಣಿ ಅಕ್ಕನ ಕಾಲೇಜು ನೋಡಾಕ ಹೊಂಟೀನಿ" ಎಂದಳು. ಇವರಿಬ್ಬರೂ ವರ್ಷದಿಂದ ಫೋನಿನಲ್ಲಿ ಮಾತಾಡುತ್ತಿದ್ದರೆಂದು ಆಗಲೇ ನನಗೆ ತಿಳಿದದ್ದು.

"ಮೊದಲು ನಮ್ಮೂರಿಂದು ನೋಡು" ಎಂದೆ.

"ನೋಡೀನಿ. ಚಲೋ ಐತಿ. ಕೀಲಿಕೈ ಮೊಳಿಗೆ ಐತಿ."

ನನಗೆ ಸ್ವರ್ಗವೇ ಸಿಕ್ಕಂತಾಯಿತು. ಇನ್ನು ಆ ದೂರದ ಕಾಲೇಜು ನನ್ನ ಪರೀಕ್ಷೆಯಲ್ಲಿ ಫೇಲಾದರೆ ಸಾಕು. ಜೊತೆಗೆ ನಾನೂ ಬರುತ್ತೇನೆಂದು ಹೊರಟೆ. ದಾರಿಯುದ್ದಕ್ಕೂ ಒಂದು ದೊಡ್ಡ, ತುಕ್ಕು ಹಿಡಿದ ಬೀಗ ಕಾಣಿಸಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ನಾಗವೇಣಿ ಗೇಟಿನಲ್ಲಿ ಕಾದಿದ್ದಳು. ಹೋದ ವರ್ಷ ಬಾಯಿ ಬಿಡದಿದ್ದ ಹುಡುಗಿ ಈಗ ನಮ್ಮಿಬ್ಬರಿಗೂ ಮಾತಾಡಲು ಅವಕಾಶ ಕೊಡಲಿಲ್ಲ. ನಾನು ಲ್ಯಾಬಿನ ಬಾಗಿಲಿಗೆ ಹೋಗಿ ನೋಡಿದೆ. ಬೀಗವಿಲ್ಲ. ಚಿಲಕವೂ ಹಾಕಿರಲಿಲ್ಲ. ಒಳಗೆ ಮಕ್ಕಳು ತುಂಬಿದ್ದರು. ಕಂಪ್ಯೂಟರ್‌ಗಳು ಹಳೆಯವು, ಕುರ್ಚಿಗಳಲ್ಲಿ ಕೆಲವಕ್ಕೆ ಬೆನ್ನಿರಲಿಲ್ಲ, ಆದರೆ ಒಂದೂ ಖಾಲಿಯಿರಲಿಲ್ಲ. ಕೊನೆಯ ಆಸೆಯಿಂದ ಒಬ್ಬ ಹುಡುಗಿಯನ್ನು ಕೇಳಿದೆ, "ಲ್ಯಾಬಿನ ಕೀಲಿಕೈ ಯಾರ ಹತ್ರ ಐತವ್ವ?" ಅವಳು ಪಕ್ಕದವಳ ಮುಖ ನೋಡಿದಳು. "ಗೊತ್ತಿಲ್ರಿ ಅಂಕಲ್. ಕೀಲಿ ಹಾಕಿದ್ದು ನಾವು ನೋಡೇ ಇಲ್ಲ." ನನ್ನ ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ಅಂಕವೇ ಇಟ್ಟಿರಲಿಲ್ಲ.

ವಾಪಸು ಬರುವಾಗ ಸಿರುಗುಪ್ಪದಲ್ಲಿ ಇಳಿದು, ಗಿರಿಜಾಳ ತಮ್ಮ ಶರಣಪ್ಪನ ಮನೆಗೆ ಊಟಕ್ಕೆ ಹೋದೆವು. ಅವನದು ಅಕ್ಕಿ ವ್ಯಾಪಾರ. ಆದೋನಿಯ ಕಡೆ ಓಡಾಡುವವನಾದ್ದರಿಂದ ಖುಷಿಯಾದಾಗ ಅವನ ಬಾಯಲ್ಲಿ ತೆಲುಗು ಬರುತ್ತದೆ.

"ಅವೆಲ್ಲ ಬಿಡ್ರಿ ಭಾವ. ಒಂದು ಪ್ರೈವೇಟ್ ಕಾಲೇಜು ನೋಡಿ ಬಂದೀನಿ. ಬಿಲ್ಡಿಂಗ್ ಚೂಡಾಲಿ, ನೋಡಬೇಕು ನೀವು! ಬರೇ ಗ್ಲಾಸು. ಲಿಫ್ಟ್ ಐತಿ, ಏಸಿ ಐತಿ" ಎಂದ.

"ನಿನ್ನ ಅಕ್ಕಿನೂ ಚೀಲ ನೋಡಿ ತಗೊಂತಿಯೇನಪ್ಪ?" ಎಂದು ಅವನ ಬಾಯಿ ಮುಚ್ಚಿಸಿದೆ. ನನಗೆ ಬೇಕಾದ ಹೊತ್ತು ಬಂದಿತ್ತು. ಗಂಟಲು ಸರಿಮಾಡಿಕೊಂಡು, "ನೋಡವ್ವ ಸಹನಾ, ಬಳ್ಳಾರಿಯದೂ ಪಾಸು, ಅಲ್ಲಿಯದೂ ಪಾಸು. ಎರಡೂ ಸಮ ಇದ್ದಾಗ ಮನಿಗೆ ಹತ್ರ ಇರೋದ ಚಲೋ. ನೀ ನನ್ನ ಕೇಳಲಿಲ್ಲ, ಆದರೂ ಹೇಳಾಕತ್ತೀನಿ" ಎಂದೆ. ಲೋಟದಲ್ಲಿದ್ದ ಮಜ್ಜಿಗೆಯನ್ನು ಒಂದೇ ಉಸಿರಿಗೆ ಕುಡಿದೆ.

ಸಹನಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ನಿನ್ನ ಮಾತು ಕೇಳೇ ನಿನ್ನ ಕೇಳಲಿಲ್ಲ ಅಪ್ಪ. ನಾಗವೇಣಿ ಅಕ್ಕಗ ಏನ್ ಹೇಳಿದ್ದಿ? ಯಾರ ಮಾತೂ ಕೇಳಬ್ಯಾಡ ಅಂದಿದ್ದಿಲ್ಲ?"

"ಅದು ಅಕಿಗೆ ಹೇಳಿದ್ದು."

"ನಾನೂ ಅಲ್ಲೇ ಇದ್ದೆ." ಆಮೇಲೆ ಮೆಲ್ಲಗೆ, ನನ್ನನ್ನು ನೋಯಿಸಬಾರದೆಂಬ ದನಿಯಲ್ಲಿ ಹೇಳಿದಳು. "ಎರಡೂ ಸಮ ಅದಾವು, ಖರೆ. ಆದ್ರ ಬಳ್ಳಾರ್ಯಾಗ ಓದಿದ್ರ ನನ್ನ ಕೀಲಿಕೈ ನಿನ್ನ ಜೇಬಿನ್ಯಾಗ ಇರ್ತೈತಿ ಅಪ್ಪ."

ಶರಣಪ್ಪನಿಗೆ ಇದು ಅರ್ಥವಾಗಲಿಲ್ಲ, "ಯಾವ ಕೀಲಿಕೈ?" ಎಂದು ಕೇಳಿದ. ನನಗೆ ಅರ್ಥವಾಯಿತು. ಇನ್ನೊಂದು ಲೋಟ ಮಜ್ಜಿಗೆ ಕೇಳಿದೆ. ದುಃಖವಾಯಿತು. ಅದರ ಜೊತೆಗೇ, ಎಂಥ ಮಾತಾಡಿದಳು ನನ್ನ ಮಗಳು ಎಂದು ಹೆಮ್ಮೆಯೂ ಆಯಿತು.

ಸಹನಾ ದೂರದ ವಿಶ್ವವಿದ್ಯಾಲಯವನ್ನೇ ಮೊದಲ ಆಯ್ಕೆಯಾಗಿ ಹಾಕಿದಳು, ಸೀಟೂ ಸಿಕ್ಕಿತು. ಅವಳು ಹೊರಡುವ ಮುನ್ನ ನಾನು ಬಜಾರಿಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ, ಮನೆಯ ಕೀಲಿಕೈಗೆ ಡೂಪ್ಲಿಕೇಟ್ ಮಾಡಿಸಿದೆ. "ರಜಾಕ್ಕ ಬಂದಾಗ ಕಟ್ಟಿ ಮ್ಯಾಲ ಕೂಡಬ್ಯಾಡ, ನೀನ ಬಾಗಲಾ ತಕ್ಕೊಂಡು ಒಳಗ ಹೋಗು" ಎಂದು ಕೈಯಲ್ಲಿಟ್ಟೆ. ಅವಳು ಅತ್ತಳು, ನಾನೂ ಅತ್ತೆ. ಗಿರಿಜಾ ಮಾತ್ರ ಕಣ್ಣೊರೆಸಿಕೊಂಡು, "ದಿನಾ ಕಟ್ಟಿ ಮ್ಯಾಲ ಕೂಡಾಕಿ ನಾನು. ನನಗ?" ಎಂದಳು. "ನಿನಗ ನಾನ ಅದೀನಲ್ಲ" ಎಂದು ಪ್ರೀತಿಯಿಂದ ಹೇಳಿದೆ. ಅದು ಅವಳಿಗೆ ಸಮಾಧಾನ ತಂದಂತೆ ಕಾಣಲಿಲ್ಲ.

ಮೊನ್ನೆ ಶನಿವಾರ ಕಚೇರಿಯಿಂದ ಸೀದಾ ಬಸ್ ಸ್ಟ್ಯಾಂಡಿಗೆ ಹೋದೆ, ಗಿರಿಜಾ ತನ್ನ ಶಾಲೆಯಿಂದ ಅಲ್ಲಿಗೇ ಬಂದಳು. ಕುರುಗೋಡಿನಲ್ಲಿ ನಮ್ಮ ಅಕ್ಕನ ಮನೆಯ ಗೃಹಪ್ರವೇಶ. ಮುಗಿಸಿಕೊಂಡು ಭಾನುವಾರ ಸಂಜೆ ಬಂದು ಬಾಗಿಲ ಮುಂದೆ ನಿಂತು ಜೇಬಿಗೆ ಕೈ ಹಾಕಿದರೆ ಜೇಬು ಖಾಲಿ. ಕೀಲಿಕೈ ಕಚೇರಿಯ ಮೇಜಿನ ಡ್ರಾಯರಿನಲ್ಲಿತ್ತು. ಕಚೇರಿಗೆ ಬೀಗ. ಅದರ ಕೀಲಿಕೈ ಅಟೆಂಡರ್ ಹತ್ತಿರ. ಫೋನ್ ಮಾಡಿದರೆ ಅವನು ಸಿರುಗುಪ್ಪದಲ್ಲಿ ಯಾರದೋ ಮದುವೆಯಲ್ಲಿ ಬಡಿಸುತ್ತಿದ್ದ. ಮಗಳಿಗೆ ಫೋನ್ ಮಾಡಿದೆ. "ಲ್ಯಾಬಿನ್ಯಾಗ ಅದೀನಿ ಅಪ್ಪ, ಆಮ್ಯಾಲ ಮಾಡ್ತೀನಿ" ಎಂದು ಇಟ್ಟುಬಿಟ್ಟಳು.

ನಾವಿಬ್ಬರೂ ಪದ್ಮಾವತಮ್ಮನವರ ಕಟ್ಟೆಯ ಮೇಲೆ ಕೂತೆವು. ಅಲ್ಲಿ ಕೂತು ಕಾಯುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಲ್ಲು ಬಹಳ ಗಟ್ಟಿ. ಪದ್ಮಾವತಮ್ಮ ಹೊರಗೆ ಬಂದು, "ಏನ್ರಿ ಇದು, ಸಾಮಾನು ಸಮೇತ ಇಲ್ಲಿ ಕೂತೀರಿ? ಕೀಲಿಕೈ ಯಾರ ಹತ್ರ ಐತಿ?" ಎಂದರು.

ಗಿರಿಜಾ ನನ್ನ ಕಡೆ ತಿರುಗಿದಳು. "ಹೇಳ್ರಿ. ಊರಿಗೆಲ್ಲ ಕೇಳೋರು ನೀವು."

ಒಂದು ಡ್ರಾಯರಿನಲ್ಲಿ, ಇನ್ನೊಂದು ಅರ್ಧ ದಿನದ ದಾರಿಯಾಚೆ. ನನ್ನದೇ ಪರೀಕ್ಷೆಯ ಪ್ರಕಾರ ನಮ್ಮ ಮನೆ ಫೇಲು. ಯಾರು ಬಂದು ಕೇಳಿದರೂ, ಇಂಥ ಕಡೆ ಮಕ್ಕಳನ್ನು ಓದಲು ಇಡಬೇಡಿ ಎಂದು ಧೈರ್ಯವಾಗಿ ಸಲಹೆ ಕೊಡುತ್ತಿದ್ದೆ. ಪುಣ್ಯಕ್ಕೆ, ನಮ್ಮ ಮಗಳು ನನ್ನನ್ನು ಕೇಳದೆಯೇ ಬೇರೆ ಕಡೆ ಸೇರಿದ್ದಾಳೆ.